ಸಂಗೊಳ್ಳಿಯ ರಾಯಣ್ಣನು

ಮಲಪ್ರಭಾ ನದಿಯು ಖಾನಾಪುರ ಸೀಮೆಯ ಕಣಕುಂಬಿಯಲ್ಲಿ ಹುಟ್ಟಿ, ಮೂಡಲ ಕಡೆಗೆ ಹರಿದು, ಸವದತ್ತಿ ರಾಮದುರ್ಗಗಳ ಸೀಮೆಯನ್ನು ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆಂಬುದನ್ನು ನೀವೆಲ್ಲರೂ ಬಲ್ಲಿರಿ. ಈ ನದಿಯ ದಡದಲ್ಲಿ ಬೈಲಹೊಂಗಲ ತಾಲೂಕಿಗೆ ಸೇರಿದ ಸಂಗೊಳ್ಳಿ ಎಂಬ ಹಳ್ಳಿಯಿರುತ್ತದೆ. ಅಲ್ಲಿಂದ ಪಡುವಲಿಗೆ ಹೋದರೆ ಖಾನಾಪುರದ ಕಾಡುಗುಡ್ಡಗಳು. ಮೂಡಲಿಗೆ ಹೋದರೆ ಜೋಳವನ್ನೂ ಹತ್ತಿಯನ್ನೂ ಬೆಳೆಯುವ ಎರೆಭೂಮಿ. ಇಂಥ ಸಣ್ಣ ಊರಿನ ಹೆಸರನ್ನು ಇಂದು ಕನ್ನಡನಾಡೆಲ್ಲ ಬಲ್ಲದು. ಅದಕ್ಕೆ ಕಾರಣನು ಆ ಊರಿನ ಒಬ್ಬ ಕಾವಲುಗಾರನೇ. ಆತನ ಚರಿತ್ರೆಯನ್ನು ನಾವು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ರಾಯಣ್ಣನು ಕುರುಬರ ಮನೆತನದಲ್ಲಿ ಭರಮಪ್ಪನಿಗೂ ಕೆಂಚವ್ವಳಿಗೂ ಮಗನಾಗಿ ಹುಟ್ಟಿದನು. ಆತನ ಜನನವು 1798ನೆಯ ಇಸವಿಯ ಆಗಸ್ಟ್ 15ರಂದು ಆಯಿತೆಂದು ಎಣಿಸುವ ರೂಢಿಯುಂಟು. ಆತನು ಕಿತ್ತೂರು ಸಂಸ್ಥಾನದ ಶೇತಸನದಿಯಾಗಿದ್ದನು. ಶೇತಸನದಿ ಎಂದರೆ ಸಂಬಳಕ್ಕೆ ಬದಲಾಗಿ ಹೊಲವನ್ನು ಪಡೆದು, ಸಮಾಧಾನಕಾಲದಲ್ಲಿ ಊರನ್ನು ಕಾಯುತ್ತ, ಯುದ್ಧಕಾಲದಲ್ಲಿ ಆಯುಧ ಹಿಡಿದು ದೇಸಾಯಿಯ ಬಳಿಗೆ ಹೋಗತಕ್ಕವನು. ಆದಕಾರಣ ಆ ಹೊಲವು ಅವನಿಗೆ ಬರೀ ಮಣ್ಣಾಗಿರಲಿಲ್ಲ. ಅದು ಒಡೆಯನಿಗೂ ಸೇವಕನಿಗೂ ನಡುವೆ ಇದ್ದ ಒಡಂಬಡಿಕೆಯ ಗುರುತಾಗಿತ್ತು.

1824ನೆಯ ಇಸವಿಯ ಸೆಪ್ಟೆಂಬರದಲ್ಲಿ ಕಿತ್ತೂರಿನ ದೇಸಾಯಿಯಾದ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತಕ ತೆಗೆದುಕೊಂಡಿದ್ದರೂ ಕುಂಪಣಿ ಸರಕಾರದವರು ಅದನ್ನು ಒಪ್ಪಲಿಲ್ಲ. ದೊಡ್ಡ ದೇಸಾಯಿಯಾಗಿದ್ದ ಮಲ್ಲಸರ್ಜನ ವಿಧವೆಯಾದ ಚನ್ನಮ್ಮ ರಾಣಿಯು ಎದುರುನಿಂತಳು. ಅಕ್ಟೋಬರ 23ರಂದು ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಸತ್ತನು. ಆದರೆ ಡಿಸೆಂಬರದ ಮೊದಲಲ್ಲಿ ದೊಡ್ಡ ಸೈನ್ಯವು ಬಂದು ಕೋಟೆಯನ್ನು ಹಿಡಿಯಿತು. ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. ಅಲ್ಲಿಯೇ 1829ರ ಫೆಬ್ರುವರಿಯಲ್ಲಿ ಆಕೆಯು ಮೃತಳಾದಳು. ಆಕೆಯ ಸಮಾಧಿಯು ಆ ಊರಲ್ಲಿಯೇ ಇದೆ.

ರಾಯಣ್ಣನು ಈ ಯುದ್ಧದಲ್ಲಿ ಕಾದಿದವನು. ಸಂಸ್ಥಾನವು ಹೋದ ಮೇಲೆ ಅವನ ಹೊಲದಲ್ಲಿ ಬಹುಭಾಗವು ಮುಟ್ಟುಗೋಲಾಯಿತೆಂದೂ ಉಳಿದದ್ದರ ಮೇಲೆ ಭಾರವಾದ ಕಂದಾಯವು ಬಿತ್ತೆಂದೂ ಹೇಳುತ್ತಾರೆ. ನಾಬೋತನ ದ್ರಾಕ್ಷೇತೋಟದ ಕಥೆಯನ್ನು ಓದಿದ ನಮಗೆ, ಪಿತ್ರಾರ್ಜಿತ ಭೂಮಿಯನ್ನು ಕಳಕೊಂಡವನ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ರಾಯಣ್ಣನು ತನ್ನ ಹೊಲಕ್ಕಾಗಿ ಮಾತ್ರ ಎದ್ದವನಲ್ಲ. ದತ್ತಕ ಹುಡುಗನನ್ನು ಕಿತ್ತೂರಿನ ಗದ್ದುಗೆಯ ಮೇಲೆ ಕೂಡಿಸಬೇಕೆಂಬುದೇ ಅವನ ಸಂಕಲ್ಪವಾಗಿತ್ತು. ಅನ್ನವಿಟ್ಟ ಮನೆಯು ಬಿದ್ದುಹೋದ ಮೇಲೆಯೂ ಆ ಮನೆಯ ಋಣವು ತೀರಲಿಲ್ಲವೆಂದು ಆತನು ಎಣಿಸಿದನು.

ಹೀಗೆ ತನ್ನಂಥ ಶೇತಸನದಿಗಳನ್ನೂ ಬಡ ರೈತರನ್ನೂ ಕೂಡಿಸಿಕೊಂಡು, ಕಾಡುಗುಡ್ಡಗಳನ್ನೇ ಕೋಟೆಯಾಗಿ ಮಾಡಿಕೊಂಡು ಆತನು ದಂಗೆಯೆದ್ದನು. 1830ನೆಯ ಇಸವಿಯ ಆರಂಭದಲ್ಲಿ ಬೀಡಿಯಲ್ಲಿದ್ದ ಸರಕಾರಿ ಕಚೇರಿಯನ್ನು ಸುಟ್ಟರು. ಸಂಪಗಾವಿ, ನಂದಗಡ ಮುಂತಾದ ಸ್ಥಳಗಳ ಮೇಲೆಯೂ ಬಿದ್ದರು. ಹಗಲು ಮರೆಯಾಗಿದ್ದು ಇರುಳು ಬಂದೆರಗುವ ಈ ಜನರನ್ನು ಸಿಪಾಯಿಗಳು ಎಷ್ಟು ಬೆನ್ನಟ್ಟಿದರೂ ಹಿಡಿಯಲಾರದೆ ಹೋದರು.

ಬಲದಿಂದ ಆಗದ ಕಾರ್ಯವು ಮೋಸದಿಂದ ಆಯಿತು. ಈ ಸೀಮೆಯ ಕೆಲವರು ಸರಕಾರದ ಕಡೆಗೆ ಸೇರಿ, ಸ್ನೇಹಿತರಂತೆ ನಟಿಸಿ ರಾಯಣ್ಣನ ದಂಡಿನೊಳಗೆ ಹೊಕ್ಕರು. 1830ರ ಏಪ್ರಿಲದಲ್ಲಿ ಆತನು ಆಯುಧವನ್ನು ಬದಿಗಿಟ್ಟು ಹಳ್ಳದಲ್ಲಿ ಸ್ನಾನಮಾಡುತ್ತಿದ್ದಾಗ ಅವನನ್ನು ಹಿಡಿದು ಒಪ್ಪಿಸಿದರೆಂದು ಜನರು ಹೇಳುತ್ತಾರೆ. ಹಾಗೆ ಮಾಡಿದವರ ಹೆಸರುಗಳನ್ನು ನಾವು ಇಲ್ಲಿ ಬರೆಯುವುದಿಲ್ಲ. ಹಿರಿಯರ ತಪ್ಪನ್ನು ಕಿರಿಯರ ತಲೆಯ ಮೇಲೆ ಹೊರಿಸುವುದು ಧರ್ಮವಲ್ಲ. ವಿಚಾರಣೆಯಾಗಿ 1831ನೆಯ ಇಸವಿಯ ಜನವರಿ 26ರಂದು ನಂದಗಡದಲ್ಲಿ ಆತನನ್ನು ಗಲ್ಲಿಗೇರಿಸಿದರು. ಆಗ ಆತನಿಗೆ ಇನ್ನೂ ಮೂವತ್ತಮೂರು ವರ್ಷ ತುಂಬಿರಲಿಲ್ಲ. ಆತನನ್ನು ಹೂಳಿದ ಸ್ಥಳದಲ್ಲಿ ಒಂದು ಆಲದ ಮರವು ಹಬ್ಬಿ ನಿಂತಿದೆ. ಆತನು ಹುಟ್ಟಿದನೆನ್ನುವ ದಿನವೂ ಸತ್ತ ದಿನವೂ ಈಗ ನಮ್ಮ ದೇಶದ ಎರಡು ದೊಡ್ಡ ದಿನಗಳಾಗಿವೆ. ಬೆಂಗಳೂರಿನ ಮುಖ್ಯ ರೈಲುನಿಲ್ದಾಣಕ್ಕೂ ಆತನ ಹೆಸರೇ ಇದೆ.

ಆದರೆ ಇಲ್ಲಿ ಒಂದು ಪ್ರಶ್ನೆಯುಂಟು. ಬೆಳಗಾವಿಯಲ್ಲಿ ಲಂಡನ್ ಮಿಶನ್ನಿನವರ ಕೆಲಸವು 1820ರಲ್ಲಿಯೇ ಆರಂಭವಾಗಿತ್ತು. ಸ್ವಿಟ್ಜರ್ಲಂಡ್ ದೇಶದ ಬಾಸೆಲ್ ಪಟ್ಟಣದ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದರು. ಹೀಗೆ ಸುವಾರ್ತೆಯು ಕುಂಪಣಿ ಸರಕಾರದ ಕಾಲದಲ್ಲಿ ಈ ಸೀಮೆಗೆ ಬಂದಿರಲಾಗಿ, ಕ್ರೈಸ್ತರಾದ ನಾವು ರಾಯಣ್ಣನನ್ನು ಗೌರವಿಸಬಹುದೋ ಎಂದು ಕೆಲವರು ಸಂದೇಹಪಡುವರು. ನಮ್ಮ ಉತ್ತರವೇನೆಂದರೆ, ಸುವಾರ್ತೆಯು ಯಾವ ಸರಕಾರದ ಸೊತ್ತೂ ಅಲ್ಲ. ಸುಡುವುದನ್ನೂ ಕೊಲ್ಲುವುದನ್ನೂ ನಾವು ಹೊಗಳಲಾರೆವು. ಥ್ಯಾಕರೆಗೂ ಅಳುವವರಿದ್ದರೆಂಬುದನ್ನು ಮರೆಯಲಾರೆವು. ಆದರೂ ಅನ್ಯಾಯವನ್ನು ಮಾಡಿದವರು ನಮ್ಮ ಬೋಧಕರ ಧರ್ಮದವರೆಂಬ ಕಾರಣದಿಂದ ಅದನ್ನು ನ್ಯಾಯವೆನ್ನಲು ನಮಗೆ ಅಪ್ಪಣೆಯಿಲ್ಲ. ನಂಬಿಗಸ್ತಿಕೆಯನ್ನು ಎಲ್ಲಿ ಕಂಡರೂ ಮಾನ್ಯ ಮಾಡತಕ್ಕದ್ದೇ.

ವಾಚಕರೇ, ಈ ಚರಿತ್ರೆಯು ನಮ್ಮ ಮನೆಬಾಗಿಲಿಗೂ ಬರುತ್ತದೆ. ಇಂದಿಗೂ ಹಳ್ಳಿಗಳಲ್ಲಿ ಒಂದು ಮೊಳ ಬದುವಿಗಾಗಿ ಅಣ್ಣತಮ್ಮಂದಿರು ಕಚೇರಿಯ ಮೆಟ್ಟಲೇರುತ್ತಾರೆ. ವಿಧವೆಯ ಹೊಲಕ್ಕೆ ಸುಳ್ಳುಸಾಕ್ಷಿ ನುಡಿಯುವವರೂ ಇಲ್ಲದಿಲ್ಲ. ಭಾನುವಾರ ಒಂದೇ ಬೆಂಚಿನ ಮೇಲೆ ಕೂತು, ಸೋಮವಾರ ಒಬ್ಬರನ್ನೊಬ್ಬರು ಹಿಡಿದುಕೊಡುವುದಾದರೆ ಆ ಹಳ್ಳದ ದಂಡೆಯಲ್ಲಿ ನಿಂತವರಿಗೂ ನಮಗೂ ಏನು ಭೇದ? ನಮ್ಮ ಕರ್ತನೂ ತನ್ನ ಸಂಗಡ ಉಂಡವನಿಂದಲೇ ಹಿಡಿದುಕೊಡಲ್ಪಟ್ಟನಲ್ಲವೇ? ಆದುದರಿಂದ ಕೊಟ್ಟ ಮಾತಿನಲ್ಲಿ ನಿಲ್ಲುವ ಬಲವನ್ನೂ, ನೆರೆಯವನ ಹೊಲದ ಬದುವನ್ನು ನಮ್ಮದರಂತೆಯೇ ಕಾಯುವ ಮನಸ್ಸನ್ನೂ ದೇವರು ನಮಗೆಲ್ಲರಿಗೂ ಅನುಗ್ರಹಿಸಲಿ.