14ಕ್ಕೆ ಶಾಲೆ ಬಿಟ್ಟ ದರ್ಜಿಯ ಮಗ ಆಕ್ಸ್‌ಫರ್ಡ್ ಡಿಕ್ಷನರಿ ಕಟ್ಟಿದ ಕಥೆ

ಇಂಗ್ಲಿಷ್ ಓದುವಾಗ ಗೊತ್ತಿಲ್ಲದ ಪದ ಎದುರಾದರೆ ಈಗ ಮೊಬೈಲ್ ತೆಗೆದರೆ ಸಾಕು, ಅರ್ಥ ಸಿಗುತ್ತದೆ. ಆದರೆ ನಿಘಂಟು ಬರೆದವರಿಗೆ ಆ ಅರ್ಥ ಎಲ್ಲಿ ಸಿಕ್ಕಿತು? ವಾಕ್ಯಗಳಲ್ಲಿ. ಆ ವಾಕ್ಯಗಳ ರಾಶಿಯ ನಡುವೆಯೇ 36 ವರ್ಷ ಸವೆಸಿದವರು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಸಂಪಾದಕ ಜೇಮ್ಸ್ ಮರ್ರೆ.

ಮರ್ರೆ ಹುಟ್ಟಿದ್ದು 1837ರಲ್ಲಿ, ಸ್ಕಾಟ್ಲೆಂಡಿನ ಡೆನ್‌ಹೋಮ್ ಹಳ್ಳಿಯಲ್ಲಿ. ತಂದೆ ದರ್ಜಿ. ಮುಂದೆ ಓದಿಸಲು ಹಣವಿರಲಿಲ್ಲ, 14ನೇ ವಯಸ್ಸಿಗೇ ಶಾಲೆ ಬಿಟ್ಟರು. ಕಲಿಕೆ ಮಾತ್ರ ನಿಲ್ಲಲಿಲ್ಲ. ಪುಸ್ತಕ ಹಿಡಿದು ಒಂದರ ಹಿಂದೆ ಒಂದು ಭಾಷೆ ಕಲಿತರು, ಶಿಕ್ಷಕರಾದರು. ಪತ್ನಿಯ ಅನಾರೋಗ್ಯದ ಕಾರಣ ಲಂಡನ್‌ಗೆ ಬಂದು ಬ್ಯಾಂಕ್ ಗುಮಾಸ್ತರಾದರು. ಆದರೂ ಪತ್ನಿ ಉಳಿಯಲಿಲ್ಲ. ಬಳಿಕ ಮರುಮದುವೆಯಾಗಿ, ಮಿಲ್ ಹಿಲ್ ಶಾಲೆಯಲ್ಲಿ ಮತ್ತೆ ಪಾಠ ಹೇಳತೊಡಗಿದರು.

1879ರಲ್ಲಿ ನಿಘಂಟಿನ ಹೊಣೆ ಹೆಗಲೇರಿತು. 10 ವರ್ಷದಲ್ಲಿ ಮುಗಿಯಬೇಕಿದ್ದ ಕೆಲಸವದು. ಮರ್ರೆ ತಗಡಿನ ಶೆಡ್ ಕಟ್ಟಿಸಿ, ಓದುಗರಿಗೆ ಮನವಿ ಮಾಡಿದರು: ಪುಸ್ತಕ ಓದಿ, ಪದ ಬಳಕೆಯಾದ ಇಡೀ ವಾಕ್ಯವನ್ನು ಚೀಟಿಯಲ್ಲಿ ಬರೆದು ಕಳುಹಿಸಿ. ಚೀಟಿಗಳು ಲಕ್ಷಗಟ್ಟಲೆ ಬಂದವು. ಕೊಲೆ ಮಾಡಿ ಬ್ರಾಡ್‌ಮೂರ್ ಮಾನಸಿಕ ಆಸ್ಪತ್ರೆಯಲ್ಲಿ ಬಂಧಿಯಾಗಿದ್ದ ಅಮೆರಿಕದ ಸೇನಾ ವೈದ್ಯ ವಿಲಿಯಂ ಮೈನರ್ ಕೂಡ ಸಾವಿರಾರು ವಾಕ್ಯ ಕಳುಹಿಸಿದರು. ಮರ್ರೆಯವರ 11 ಮಕ್ಕಳೂ ಪಾಕೆಟ್ ಮನಿಗಾಗಿ ಚೀಟಿ ವಿಂಗಡಿಸುತ್ತಿದ್ದರು.

ಚೀಟಿಗಳನ್ನು ಕಾಲಕ್ರಮದಲ್ಲಿ ಜೋಡಿಸಿದಾಗ ಪದದ ಅರ್ಥ ಬದಲಾದದ್ದು ಕಣ್ಣಿಗೆ ಕಾಣುತ್ತಿತ್ತು. 'ಡೀರ್' ಎಂದರೆ ಇಂದು ಜಿಂಕೆ, ಹಳೆಯ ಇಂಗ್ಲಿಷಿನಲ್ಲಿ ಯಾವುದೇ ಪ್ರಾಣಿ. ನಮ್ಮ 'ಮೃಗ' ಪದವೂ ಹೀಗೆಯೇ ಅಲ್ಲವೇ? ಅದು ಪ್ರಾಣಿಯೋ ಜಿಂಕೆಯೋ ಎಂಬುದನ್ನು ಸುತ್ತಲಿನ ಮಾತೇ ಹೇಳಬೇಕು.

ಐದು ವರ್ಷದ ಬಳಿಕ, 1884ರಲ್ಲಿ ಬಂದ ಮೊದಲ ಕಂತು ತಲುಪಿದ್ದು 'ಆ್ಯಂಟ್' ಪದದವರೆಗೆ ಮಾತ್ರ. ಪ್ರಕಾಶಕರು ಬೇಗ ಮುಗಿಸಲು ಒತ್ತಾಯಿಸಿದರೂ ಮರ್ರೆ ಗುಣಮಟ್ಟ ಬಿಟ್ಟುಕೊಡಲಿಲ್ಲ. ಶಿಕ್ಷಕ ವೃತ್ತಿ ಬಿಟ್ಟು ಆಕ್ಸ್‌ಫರ್ಡ್‌ಗೆ ಹೋದರು. ಅಲ್ಲಿಯೂ ಅಂಗಳದಲ್ಲಿ ಅಂಥದ್ದೇ ಶೆಡ್. 1908ರಲ್ಲಿ ಸರ್ ಪದವಿ ಬಂತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿದ್ದು 1914ರಲ್ಲಿ. ಮರುವರ್ಷ ಜುಲೈ 26ರಂದು, 78ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆಗ ಕೈಯಲ್ಲಿದ್ದದ್ದು 'ಟಿ' ಅಕ್ಷರದ ಪದಗಳು.

ನಿಘಂಟು ಪೂರ್ಣಗೊಂಡಿದ್ದು 1928ರಲ್ಲಿ. ಅದರಲ್ಲಿ 4 ಲಕ್ಷಕ್ಕೂ ಹೆಚ್ಚು ಪದಗಳು, 18 ಲಕ್ಷಕ್ಕೂ ಹೆಚ್ಚು ಉದಾಹರಣೆ ವಾಕ್ಯಗಳಿದ್ದವು. ಸುಮಾರು ಅರ್ಧದಷ್ಟನ್ನು ಸಂಪಾದಿಸಿದ್ದು ಮರ್ರೆ. ಹೊಸ ಪದ ಕಂಡಾಗ ಮೊದಲು ವಾಕ್ಯ ನೋಡಿ ಊಹಿಸಿ, ನಂತರ ನಿಘಂಟು ತೆರೆದು ಅರ್ಥದ ಕೆಳಗಿನ ಉದಾಹರಣೆಯನ್ನೂ ಓದಿ. ಮರ್ರೆ ಶೆಡ್‌ನಲ್ಲಿ ಕುಳಿತು ಮಾಡಿದ್ದೂ ಇದನ್ನೇ.