ಆವಿಗೆಯ ಅಧಿಕಾರಿ ಟಾಂಗ್ ಯಿಂಗ್

ಕುಂಚ ತೊಳೆಯುವ ಬಟ್ಟಲು, ಮಸಿ ತೇಯಲು ನೀರಿಡುವ ಕುಡಿಕೆ, ಕೆಂಪು ಮುದ್ರಾಲೇಪದ ಕರಡಿಗೆ: ಚೀನದ ವಿದ್ವಾಂಸನ ಮೇಜನ್ನು ಅಲಂಕರಿಸುತ್ತಿದ್ದ ಈ ಪಿಂಗಾಣಿಗಳ ಚರಿತ್ರೆಯಲ್ಲಿ ಟಾಂಗ್ ಯಿಂಗನ ಹೆಸರು ದೊಡ್ಡದು. 1682ರಲ್ಲಿ ಜನಿಸಿದ ಅವನು ಎಳೆಯ ಹರೆಯದಲ್ಲಿಯೇ ಅರಮನೆಯ ಊಳಿಗಕ್ಕೆ ಸೇರಿದನು. 1728ರಲ್ಲಿ ಯೊಂಗ್‌ಜೆಂಗ್ ಚಕ್ರವರ್ತಿಯು ಜಿಂಗ್‌ದೆಜೆನ್ನಿನ ರಾಜ ಆವಿಗೆಗಳಿಗೆ ಅವನನ್ನು ಕಳುಹಿದಾಗ ಮಣ್ಣಿನ ಗುಣವಾಗಲಿ ಬೆಂಕಿಯ ಹದವಾಗಲಿ ಅವನಿಗೆ ತಿಳಿದಿರಲಿಲ್ಲ. ಅಧಿಕಾರದ ಠೀವಿಯನ್ನು ಬದಿಗಿರಿಸಿ, ಮೂರು ವರ್ಷ ಕುಂಬಾರರೊಡನೆಯೇ ಉಂಡು ಮಲಗಿ ಕಲಿತನು. ಸಾಂಗ್ ಕಾಲದ ರು, ಜುನ್ ಮೆರುಗುಗಳನ್ನು ಹೋಲುವ ಪಾತ್ರೆಗಳು ಅವನ ಆವಿಗೆಗಳಿಂದ ಹೊರಬಂದವು. 1735ರಲ್ಲಿ ಅವನು ಬರೆದಿಟ್ಟ ಪಟ್ಟಿಯಲ್ಲಿ 57 ಬಗೆಗಳಿವೆ. 1743ರಲ್ಲಿ ಕಿಯಾನ್‌ಲಾಂಗ್ ಚಕ್ರವರ್ತಿಯ ಅಪ್ಪಣೆಯಂತೆ, ಪಿಂಗಾಣಿ ತಯಾರಿಕೆಯ 20 ಚಿತ್ರಗಳಿಗೆ ವಿವರಣೆ ಬರೆದನು. ನಾಟಕಕಾರನೂ ಹೌದು. 1756ರಲ್ಲಿ ತೀರಿಕೊಂಡನು.

ಆದರೆ ಅವನ ಅಂತಃಕರಣ ಕಾಣುವುದು ಬೇರೊಂದೆಡೆ. ಮಿಂಗ್ ಕಾಲದಲ್ಲಿ ಅರಮನೆ ಕೇಳಿದ ದೊಡ್ಡ ನಾಗಚಿತ್ರದ ಹರವಿಗಳು ಸುಡುವಾಗ ಮತ್ತೆಮತ್ತೆ ಕೆಡುತ್ತಿದ್ದವು. ಶಿಕ್ಷೆಗೊಳಗಾಗುತ್ತಿದ್ದ ಜೊತೆಯವರ ಸಂಕಟವನ್ನು ನೋಡಲಾರದೆ ಟೊಂಗ್ ಬಿನ್ ಎಂಬ ಕುಂಬಾರನು ಉರಿವ ಆವಿಗೆಗೆ ಹಾರಿದನೆಂದು ಐತಿಹ್ಯ. ಊರು ಅವನನ್ನು ಅಗ್ನಿದೇವನೆಂದು ಪೂಜಿಸಿತು. ಅದೇ ಅರಮನೆಯ ಅಧಿಕಾರಿಯಾಗಿದ್ದ ಟಾಂಗ್ ಯಿಂಗ್ ಆ ಕುಂಬಾರನ ಚರಿತ್ರೆಯನ್ನು ಬರೆದನು. ಮೂಲೆಗೆ ಬಿದ್ದಿದ್ದ ಒಂದು ಒಡಕು ಹರವಿಯನ್ನು ಎತ್ತಿಸಿ ತಂದು ಅವನ ಗುಡಿಯ ಬಳಿ ಇರಿಸಿದನು.