ಕೊಳಗ ಯಾರ ಕೈಲಿ? ಲೋಹಿಯಾ ಕಂಡ ನೆರೆಹೊರೆಯ ಒಕ್ಕೂಟ

ಅಡಿಕೆ ರೇಟು ಬಿದ್ದಾಗಲೆಲ್ಲ ನಮ್ಮ ಎಕ್ಕಂಬಿ ಕಡೆ ಭೂತಾನ್ ಹೆಸರು ಕೇಳಿಬರುತ್ತೆ. 2022ರಲ್ಲಿ ಕೇಂದ್ರ ಸರ್ಕಾರ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರೋಕೆ ಬಿಟ್ಟಿತು. ಕಾಳುಮೆಣಸಿನ ಮಾತು ಬಂದ್ರೆ ಸಿಟ್ಟು ಶ್ರೀಲಂಕಾ ಕಡೆ ತಿರುಗುತ್ತೆ. ಆ ದೇಶದ ಜತೆಗಿನ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದಿದ್ದು 2000ದಲ್ಲಿ. ಇಂಥ ಊರಲ್ಲಿ ಕೂತು, ನೆರೆಯ ದೇಶಗಳೆಲ್ಲ ಸೇರಿ ಒಕ್ಕೂಟ ಕಟ್ಟಬೇಕು ಅಂದ್ರೆ ಯಾರು ಒಪ್ತಾರೆ?

ಆ ಮಾತನ್ನು ಜೀವನಪೂರ್ತಿ ಹೇಳಿದ ಒಬ್ಬ ಮನುಷ್ಯ ನಮ್ಮ ಪಕ್ಕದ ಸಾಗರಕ್ಕೇ ಬಂದು ಅರೆಸ್ಟ್ ಆಗಿದ್ದರು. ಅವರು ರಾಮಮನೋಹರ ಲೋಹಿಯಾ. ಅವರ ಬದುಕನ್ನು ಈ ಒಂದು ಪ್ರಶ್ನೆ ಇಟ್ಟುಕೊಂಡು ಮತ್ತೆ ಓದಬೇಕು ಅಂತ ನನಗನ್ನಿಸುತ್ತೆ.

ಲೋಹಿಯಾ ಹುಟ್ಟಿದ್ದು 1910ರ ಮಾರ್ಚ್ 23ರಂದು, ಉತ್ತರ ಪ್ರದೇಶದ ಅಕ್ಬರ್‌ಪುರದಲ್ಲಿ. ಬರ್ಲಿನ್‌ನಲ್ಲಿ ಉಪ್ಪಿನ ತೆರಿಗೆ ಮತ್ತು ಸತ್ಯಾಗ್ರಹದ ಬಗ್ಗೆ ಪಿಎಚ್‌ಡಿ ಮಾಡಿ, ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ವಾಪಸಾದರು. ರಾಷ್ಟ್ರದ ಹೆಸರಲ್ಲಿ ಏರುವ ಉನ್ಮಾದ ಎಂಥದು ಅನ್ನೋದನ್ನು ಅವರು ಪುಸ್ತಕದಲ್ಲಿ ಓದಿ ತಿಳಿದವರಲ್ಲ. 1942ರ ಚಳವಳಿಯಲ್ಲಿ ಭೂಗತರಾಗಿ ಗುಪ್ತ ರೇಡಿಯೊ ನಡೆಸುವವರ ಜತೆ ದುಡಿದರು, ನೇಪಾಳದಲ್ಲಿ ಅಡಗಿದ್ದರು. 1944ರಲ್ಲಿ ಸಿಕ್ಕಿಬಿದ್ದ ಮೇಲೆ ಲಾಹೋರ್ ಕೋಟೆಯಲ್ಲಿ ಚಿತ್ರಹಿಂಸೆ ಅನುಭವಿಸಿದರು. 1946ರ ಏಪ್ರಿಲ್‌ನಲ್ಲಿ ಬಿಡುಗಡೆ. ಎರಡೇ ತಿಂಗಳಲ್ಲಿ, ಜೂನ್ 18ರಂದು, ಮಡಗಾಂವ್‌ನಲ್ಲಿ ಪೋರ್ಚುಗೀಸರ ವಿರುದ್ಧ ಸತ್ಯಾಗ್ರಹಕ್ಕೆ ನಿಂತರು.

1947ರ ಜೂನ್‌ನಲ್ಲಿ ವಿಭಜನೆಯನ್ನು ಒಪ್ಪಿಕೊಂಡ ಕಾಂಗ್ರೆಸ್ ಸಭೆಯಲ್ಲಿ ಅವರಿದ್ದರು, ವಿರೋಧಿಸಿದರು, ಸೋತರು. ಆ ಸೋಲಿನ ಲೆಕ್ಕವನ್ನು 1960ರಲ್ಲಿ ಪುಸ್ತಕವಾಗಿ ಬರೆದರು. ನಾಯಕರಿಗೆ ವಯಸ್ಸಾಗಿತ್ತು, ದಣಿದಿದ್ದರು, ಅಧಿಕಾರಕ್ಕೆ ಅವಸರಪಟ್ಟರು ಅನ್ನೋದು ಅವರ ಆರೋಪ. ತಮ್ಮಂಥವರನ್ನೂ ಅವರು ಆ ತಪ್ಪಿನಿಂದ ಹೊರಗಿಡಲಿಲ್ಲ.

ಇನ್ನು ಸಾಗರ. 1951ರಲ್ಲಿ ಕಾಗೋಡಿನ ಗೇಣಿದಾರರು ತಿರುಗಿಬಿದ್ದರು. ಬಹುಪಾಲು ದೀವರು. ಗೇಣಿ ಭತ್ತ ಅಳೆಯೋಕೆ ಭೂಮಾಲೀಕರು ಮಾಮೂಲಿಗಿಂತ ದೊಡ್ಡ ಕೊಳಗ ಬಳಸುತ್ತಿದ್ದರು, ಕೊಟ್ಟದ್ದಕ್ಕೆ ರಸೀದಿ ಇರಲಿಲ್ಲ. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತ ಈ ಹೋರಾಟಕ್ಕೆ ಜೂನ್‌ನಲ್ಲಿ ಲೋಹಿಯಾ ಬಂದರು, ಸಾಗರದಲ್ಲಿ ಪೊಲೀಸರು ಅವರನ್ನು ಹಿಡಿದರು. ಆಗ ಸಾಗರ ಮೈಸೂರು ರಾಜ್ಯ, ನಮ್ಮ ಶಿರಸಿ-ಸಿದ್ದಾಪುರ ಮುಂಬೈ ರಾಜ್ಯ. 1956ರಲ್ಲಿ ಆ ಗಡಿ ಅಳಿಸಿಹೋಯ್ತು. ಗೇಣಿಯ ಪ್ರಶ್ನೆ ಮಾತ್ರ ಗಡಿ ಅಳಿದರೂ ಉಳೀತು. ಅದಕ್ಕೆ 1974ರ ಭೂಸುಧಾರಣಾ ಕಾನೂನೇ ಬರಬೇಕಾಯ್ತು.

ಕಾಗೋಡು ದಂಗೆಯೆದ್ದ ಆ 1951ರ ಏಪ್ರಿಲ್‌ನಲ್ಲೇ ಪ್ಯಾರಿಸ್‌ನಲ್ಲಿ ಆರು ದೇಶಗಳು ಕಲ್ಲಿದ್ದಲು ಮತ್ತು ಉಕ್ಕಿನ ಒಪ್ಪಂದಕ್ಕೆ ಸಹಿ ಹಾಕಿದವು. ಆರು ವರ್ಷಗಳ ಹಿಂದಷ್ಟೇ ಯುದ್ಧ ಮುಗಿಸಿದ್ದ ಫ್ರಾನ್ಸ್ ಮತ್ತು ಜರ್ಮನಿಯೂ ಅದರಲ್ಲಿದ್ದವು. ಇವತ್ತಿನ ಯುರೋಪಿಯನ್ ಒಕ್ಕೂಟದ ಬೇರು ಅದು.

ಲೋಹಿಯಾ ಕೇಳಿದ್ದು ಭಾರತ-ಪಾಕಿಸ್ತಾನಗಳ ಸಡಿಲವಾದ ಮಹಾಸಂಘವನ್ನು. ಪೌರತ್ವ, ಒಂದಿಷ್ಟು ವಿದೇಶಾಂಗ ನೀತಿ, ಒಂದಿಷ್ಟು ಸೇನೆ, ಇಷ್ಟರಿಂದ ಶುರು ಮಾಡೋಣ ಅನ್ನೋದು ಅವರ ಲೆಕ್ಕ. 1964ರ ಏಪ್ರಿಲ್ 12ರಂದು ಜನಸಂಘದ ದೀನದಯಾಳ್ ಉಪಾಧ್ಯಾಯರ ಜತೆ ಜಂಟಿ ಹೇಳಿಕೆ ಕೊಟ್ಟರು. ಪೂರ್ವ ಪಾಕಿಸ್ತಾನದಲ್ಲಿ ಗಲಭೆಯಾಗಿ ನಿರಾಶ್ರಿತರು ಬರುತ್ತಿದ್ದ ಹೊತ್ತು ಅದು. ಎರಡೂ ಕಡೆಯ ಅಲ್ಪಸಂಖ್ಯಾತರಿಗೆ ರಕ್ಷಣೆ ಬೇಕು, ಜನರ ಅದಲುಬದಲು ಬೇಡ, ಮುಕ್ತವಾಗಿ ಮಾತಾಡಿ ಮಹಾಸಂಘದ ದಾರಿ ಹಿಡಿಯೋಣ ಅನ್ನೋದು ಅದರ ತಿರುಳು. ಮರುವರ್ಷವೇ ಯುದ್ಧ ನಡೀತು. 1967ರ ಅಕ್ಟೋಬರ್ 12ರಂದು, 57ನೇ ವಯಸ್ಸಿಗೆ, ಲೋಹಿಯಾ ತೀರಿಕೊಂಡರು.

ನನಗೆ ಆ ಜಂಟಿ ಹೇಳಿಕೆಯ ಬಗ್ಗೆ ತಕರಾರಿದೆ. ಅಖಂಡ ಭಾರತದ ಮಾತಾಡುವವರ ಪಕ್ಕ ನಿಂತು ಒಕ್ಕೂಟ ಅಂದರೆ ನೆರೆಯವನಿಗೆ ಅದು ನುಂಗುವ ಮಾತಾಗಿಯೇ ಕೇಳಿಸುತ್ತೆ. ದೊಡ್ಡವನು ಬಾ ಸೇರೋಣ ಅಂದಾಗ ಸಣ್ಣವನು ಮೊದಲು ನೋಡೋದು ಕೊಳಗ ಯಾರ ಕೈಲಿದೆ ಅಂತ.

ಆದರೆ ಈ ಭಯ ಲೋಹಿಯಾಗೆ ಗೊತ್ತಿತ್ತು. 1960ರ ದಶಕದ ಭಾಷಣವೊಂದರಲ್ಲಿ ಅವರೊಂದು ಷರತ್ತು ಮುಂದಿಟ್ಟರು. ಪಾಕಿಸ್ತಾನದವರಿಗೆ ನಂಬಿಕೆ ಬರುವ ತನಕ ಮಹಾಸಂಘದ ರಾಷ್ಟ್ರಪತಿ, ಪ್ರಧಾನಿ ಇಬ್ಬರಲ್ಲಿ ಒಬ್ಬರು ಪಾಕಿಸ್ತಾನಿಯೇ ಆಗಿರಬೇಕು, ಅದನ್ನು ಸಂವಿಧಾನದಲ್ಲೇ ಬರೆಯಬೇಕು ಅಂತ. ಇವತ್ತು ಈ ಮಾತಾಡಿದವರಿಗೆ ದೇಶದ್ರೋಹಿ ಪಟ್ಟ ಗ್ಯಾರಂಟಿ. ಅಖಂಡ ಭಾರತಕ್ಕೂ ಲೋಹಿಯಾ ಮಹಾಸಂಘಕ್ಕೂ ವ್ಯತ್ಯಾಸ ಇರೋದು ಇಲ್ಲೇ. ಮೊದಲನೆಯದು ಜಾಗ ಕೇಳುತ್ತೆ, ಎರಡನೆಯದು ಅಧಿಕಾರ ಹಂಚಿಕೊಳ್ಳುತ್ತೆ.

ಸಾರ್ಕ್ ಹುಟ್ಟಿದ್ದು 1985ರಲ್ಲಿ, ಢಾಕಾದಲ್ಲಿ. ಮರುವರ್ಷದ ಶೃಂಗಸಭೆ ನಮ್ಮ ಬೆಂಗಳೂರಲ್ಲೇ ನಡೆಯಿತು. 2014ರ ಕಠ್ಮಂಡು ಸಭೆಯ ನಂತರ ನಾಯಕರು ಅಲ್ಲಿ ಕೂಡಿಲ್ಲ. ಒಕ್ಕೂಟ ಅನ್ನೋದು ಸರಕಿನ ಒಪ್ಪಂದಗಳಿಗೆ ಇಳಿದಿದೆ, ಅದನ್ನೂ ರೈತರನ್ನು ಕೇಳದೆ ಮಾಡ್ತಾರೆ.

ಹಾಗಾಗಿ ಎಕ್ಕಂಬಿಯ ಸಿಟ್ಟು ನನಗೆ ಅರ್ಥ ಆಗುತ್ತೆ. ಆದರೆ ಅದು ಭೂತಾನಿನ ಬೆಳೆಗಾರರ ಮೇಲೆ ತಿರುಗಬಾರದು. ಆಮದಿನ ಕೋಟಾ ಎಷ್ಟು, ಬೆಲೆ ಬಿದ್ದರೆ ನಷ್ಟ ಭರಿಸೋರು ಯಾರು ಅನ್ನೋದನ್ನು ತೀರ್ಮಾನಿಸುವ ಕಡೆ ಅಲ್ಲಿಯ ಬೆಳೆಗಾರರೂ ಇರಬೇಕು, ನಾವೂ ಇರಬೇಕು. ಕಾಗೋಡಿನವರು ಭತ್ತ ಅಳೆಯೋದೇ ಬೇಡ ಅನ್ನಲಿಲ್ಲ. ಸರಿಯಾದ ಕೊಳಗ ತನ್ನಿ, ಕೈಗೆ ರಸೀದಿ ಕೊಡಿ ಅಂದರು. ನೆರೆಹೊರೆಯ ಒಕ್ಕೂಟದ ಬಗ್ಗೆ ನಾವು ಕೇಳಬೇಕಾದ್ದೂ ಅದನ್ನೇ.